ಟಾರ್ನೀಟ್‌ನಲ್ಲಿ ಮನೆ ಕೊಳ್ಳುವುದು ಹೇಗೆ?

ಮೆಲ್ಬರ್ನ್ ನಗರದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದ ಟಾರ್ನೀಟ್‌ನಲ್ಲಿ, ಒಳನಗರಕ್ಕಿಂತ ಕಡಿಮೆ ಬೆಲೆಗೆ ಹಿತ್ತಿಲಿರುವ ಮನೆ ಸಿಗುತ್ತದೆಂದು ಬಂದು ನೆಲೆಸಿದ ಭಾರತೀಯರು ಬಹಳ. ಶನಿವಾರ ಮನೆ ನೋಡಿ, ಏಜೆಂಟರ ಮಾತಿಗೆ ಅಲ್ಲೇ ಕರಾರಿಗೆ ಸಹಿ ಹಾಕಿ, ಸೋಮವಾರ ಕಂಗಾಲಾದವರನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಅರ್ಹತೆಯನ್ನು ನೋಡಿಕೊಳ್ಳಿ. 2025ರ ಏಪ್ರಿಲ್ 1ರಿಂದ ತಾತ್ಕಾಲಿಕ ವೀಸಾದವರು, ಕೆಲವು ವಿನಾಯಿತಿಗಳ ಹೊರತು, ಹಳೆಯ ಮನೆ ಕೊಳ್ಳುವಂತಿಲ್ಲ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಮೊದಲ ಮನೆ ಕೊಂಡು ಅದರಲ್ಲೇ ವಾಸಿಸುವವರಿಗೆ 6 ಲಕ್ಷ ಡಾಲರ್‌ವರೆಗೆ ಸ್ಟಾಂಪ್ ಡ್ಯೂಟಿ ಇಲ್ಲ, 7.5 ಲಕ್ಷದವರೆಗೆ ರಿಯಾಯಿತಿ ಇದೆ. 10,000 ಡಾಲರ್ ಅನುದಾನ ಹೊಸ ಮನೆಗೆ ಮಾತ್ರ. ಸಾಲಕ್ಕೆ ಬ್ಯಾಂಕಿನ ಪೂರ್ವ ಒಪ್ಪಿಗೆಯನ್ನೂ ಪಡೆದುಕೊಳ್ಳಿ.

ನಂತರ ಜಾಗದ ಆಯ್ಕೆ. 2015ರಲ್ಲಿ ತೆರೆದ ಟಾರ್ನೀಟ್ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದಾದ ಸಣ್ಣ ಮನೆಯನ್ನೇ ಆರಿಸಿ. ದೂರದ ದೊಡ್ಡ ಮನೆ ದಿನವೂ ನಿಮ್ಮ ಒಂದು ಗಂಟೆಯನ್ನು ತಿನ್ನುತ್ತದೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಮಾರುವವರು ಕೊಡಬೇಕಾದ ದಾಖಲೆಗೆ ಇಲ್ಲಿ ಸೆಕ್ಷನ್ 32 ಎನ್ನುತ್ತಾರೆ. ಭೂಮಿಯ ಹಕ್ಕುಪತ್ರ, ಕೌನ್ಸಿಲ್ ತೆರಿಗೆ, ಕಳೆದ 7 ವರ್ಷಗಳ ಕಟ್ಟಡ ಪರವಾನಗಿ, ಹಿತ್ತಿಲಡಿಯ ಚರಂಡಿ ಕೊಳವೆಗೆ ಮೀಸಲಾದ ಈಸ್‌ಮೆಂಟ್ ಎಂಬ ನೆಲದ ಪಟ್ಟಿ ಇವೆಲ್ಲದರ ವಿವರ ಅದರಲ್ಲಿರುತ್ತದೆ. ಆ ಪಟ್ಟಿಯ ಮೇಲೆ ಅನುಮತಿಯಿಲ್ಲದೆ ಕೋಣೆ ಕಟ್ಟುವಂತಿಲ್ಲವೆಂಬುದು ಮನೆ ಕೊಂಡ ಮೇಲೆ ತಿಳಿದರೆ ಪ್ರಯೋಜನವಿಲ್ಲ. ಆದ್ದರಿಂದ ಸಹಿಗೆ ಮುಂಚೆಯೇ ದಾಖಲೆಯನ್ನು ನೀವೇ ಗೊತ್ತುಮಾಡಿದ ಕನ್ವೇಯನ್ಸರ್‌ಗೆ (ಆಸ್ತಿ ವರ್ಗಾವಣೆಯ ಕಾಗದಪತ್ರ ನೋಡಿಕೊಳ್ಳುವ ವೃತ್ತಿಪರರಿಗೆ) ಕಳುಹಿಸಿ, ಸಾಲ ಮಂಜೂರಾದರೆ ಮಾತ್ರ ಖರೀದಿ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿರಿ. ಏಜೆಂಟರೇ ಸೂಚಿಸುವ ಕನ್ವೇಯನ್ಸರ್ ಬೇಡ. ಸಹಿ ಹಾಕಿದ ಮೇಲೆ ಹಿಂದೆ ಸರಿಯಲು 3 ಪೂರ್ಣ ಕೆಲಸದ ದಿನಗಳ ಅವಕಾಶ ಸಾಮಾನ್ಯವಾಗಿ ಇರುತ್ತದೆ: ಶನಿವಾರದ ಸಹಿಗೆ, ನಡುವೆ ರಜೆಯಿಲ್ಲದಿದ್ದರೆ, ಬುಧವಾರದವರೆಗೆ. ಅದನ್ನು ಬರವಣಿಗೆಯಲ್ಲೇ ತಿಳಿಸಬೇಕು. ಹಾಗೆ ಹಿಂದೆ ಸರಿದರೆ 100 ಡಾಲರ್ ಅಥವಾ ಬೆಲೆಯ ಶೇ. 0.2, ಇವೆರಡರಲ್ಲಿ ಹೆಚ್ಚಿನದನ್ನು ಕಳೆದುಕೊಳ್ಳುತ್ತೀರಿ, ಅಂದರೆ 6 ಲಕ್ಷದ ಮನೆಗೆ 1,200 ಡಾಲರ್. ಹರಾಜಿನಲ್ಲಿ ಕೊಂಡರೆ ಈ ಅವಕಾಶವಿಲ್ಲ. ಹರಾಜಿನ ಹಿಂದುಮುಂದಿನ 3 ಕೆಲಸದ ದಿನಗಳೊಳಗೆ ಸಹಿ ಹಾಕಿದರೂ ಇಲ್ಲ.

ಮನೆಯ ತಪಾಸಣೆಯನ್ನೂ ಸಹಿಗೆ ಮುಂಚೆ ಮಾಡಿಸಿ. ಮೆಲ್ಬರ್ನಿನ ಪಶ್ಚಿಮ ಬಯಲು ಬಸಾಲ್ಟ್ ಬಂಡೆಯ ಮೇಲಿನ ಜೇಡಿಮಣ್ಣು. ವಿಜಯಪುರದ ಎರೆ ಹೊಲದ ಹಾಗೆ ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ, ಜೊತೆಗೆ ತಳಪಾಯವನ್ನೂ ಅಲುಗಿಸುತ್ತದೆ. ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಮೇಲೇರಿದ ಬಿರುಕು, ನೆಲಕ್ಕೆ ಉಜ್ಜುವ ಬಾಗಿಲು, ಗೋಡೆಗೆ ಒತ್ತಿ ಬೆಳೆದ ಮರ ಕಂಡರೆ ತಪಾಸಕರಿಂದ ಕಾರಣ ಬರೆಸಿಕೊಳ್ಳಿ. ಹೊಸದಾಗಿ ಬಣ್ಣ ಬಳಿದ ಒಂದೇ ಗೋಡೆಯನ್ನು ಹತ್ತಿರದಿಂದ ಬೆಳಕು ಬಿಟ್ಟು ನೋಡಿ. ಮಾರುವವರು ಉಚಿತವಾಗಿ ಕೊಡುವ ವರದಿಯನ್ನು ನೆಚ್ಚಬೇಡಿ. ನಿಮ್ಮ ದುಡ್ಡು ಕೊಟ್ಟು ಮಾಡಿಸಿದ ವರದಿಗೆ ಮಾತ್ರ ತಪಾಸಕರು ನಿಮಗೆ ಉತ್ತರ ಹೇಳಬೇಕಾಗುತ್ತದೆ.

ಹಣ ಪಾವತಿ ಮತ್ತು ನೋಂದಣಿಯನ್ನು ಬ್ಯಾಂಕ್ ಹಾಗೂ ಕನ್ವೇಯನ್ಸರ್ ಮುಗಿಸುತ್ತಾರೆ. ಅದಕ್ಕೆ ಹಿಂದಿನ ವಾರದಲ್ಲಿ ಒಮ್ಮೆ ಮನೆಯೊಳಗೆ ಹೋಗಿ ಒಲೆ, ಬಿಸಿನೀರು, ಹೀಟರ್ ಎಲ್ಲವನ್ನೂ ಹಚ್ಚಿ ನೋಡಿ, ಕೆಟ್ಟದ್ದನ್ನು ಅಂದೇ ಫೋಟೋ ಸಹಿತ ನಿಮ್ಮ ಕನ್ವೇಯನ್ಸರ್‌ಗೆ ಕಳುಹಿಸಿ.