ನಮ್ಮ ಬೆಕ್ಕಿಗೆ ಹಸಿ ಮಾಂಸ ಬಂದ್ ಮಾಡಿದ್ದು

ಬಾಗಲಕೋಟೆ ಹತ್ತಿರ, ಆಲಮಟ್ಟಿ ಹಿನ್ನೀರಿನ ದಂಡೆಯ ಊರು ನಮ್ಮದು. ಹಿತ್ತಲಲ್ಲಿ ಒಂದಿಷ್ಟು ಜವಾರಿ ಕೋಳಿ, ಒಂದು ಎಮ್ಮೆ. ಮನೆಯೊಳಗೆ ಬೆಕ್ಕು, ಬಾಗಿಲಲ್ಲಿ ನಾಯಿ. 2025ರ ಫೆಬ್ರುವರಿ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯ ಕುರೇಕುಪ್ಪದಲ್ಲಿ, ಆ ಕಡೆ ಚಿಕ್ಕಬಳ್ಳಾಪುರದಲ್ಲಿ ಹಕ್ಕಿಜ್ವರ ಅಂತ ಸುದ್ದಿ ಬಂತು. ಊರವರಿಗೆಲ್ಲ ಕೋಳಿ ಚಿಂತೆ, ನನಗೆ ಬೆಕ್ಕಿನ ಚಿಂತೆ.

ಸುಮ್ನೆ ಹೆದರಿದ್ದಲ್ಲ. ಅದಕ್ಕೆ ಸ್ವಲ್ಪ ಮುಂಚೆ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಸಾಕುಬೆಕ್ಕುಗಳಿಗೇ ಎಚ್5ಎನ್1, ಅಂದರೆ ಹಕ್ಕಿಜ್ವರದ ವೈರಸ್, ತಗುಲಿತ್ತು. ನಾಗಪುರದ ಗೋರೆವಾಡಾ ಕಾಡುಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಇದೇ ಸೋಂಕಿನಿಂದ ಸತ್ತಿದ್ದವು. ಹುಲಿಯನ್ನೇ ಬಿಡದ ರೋಗ ಬೆಕ್ಕನ್ನು ಬಿಡುತ್ತಾ? ನಾಯಿಗೆ ಇದು ಬರೋದು ಕಡಿಮೆ. ಬೆಕ್ಕಿಗೆ ಬಂದರೆ ಜೀವಕ್ಕೇ ಕುತ್ತು.

ನಮ್ಮ ಬೆಕ್ಕಿಗೆ ಅಪಾಯ ಎಲ್ಲಿಂದ ಅಂತ ನೋಡಿದರೆ, ಮೊದಲು ಕಂಡದ್ದು ಚಿಕನ್ ಅಂಗಡಿಯ ಕ್ಯಾರಿಬ್ಯಾಗ್. ಭಾನುವಾರ ಕೋಳಿ ತಂದಾಗ ಅಂಗಡಿಯವನು ತಲೆ, ಕಾಲು, ಕರುಳು ಎಲ್ಲ ಬೇರೆ ಕಟ್ಟಿ ಪುಕ್ಕಟೆ ಕೊಡುತ್ತಿದ್ದ. ಅದು ಹಸಿಯಾಗಿಯೇ ಬೆಕ್ಕಿನ ತಟ್ಟೆಗೆ ಬೀಳುತ್ತಿತ್ತು. ಅದನ್ನು ನಿಲ್ಲಿಸಿದೆ.

ಅತ್ತೆ ಒಪ್ಪಲಿಲ್ಲ. "ಬೆಕ್ಕಿಗೂ ಅಡಿಗಿ ಮಾಡಿ ಹಾಕ್ತೀಯೇನವಾ? ಅದು ಇಲಿ ಹಿಡದು ಹಸೇದ ತಿಂತೈತಿ" ಅಂದರು. ಮಾತೇನೋ ನಿಜವೇ. ಆದರೆ ಆಂಧ್ರದ ಪಲ್ನಾಡು ಜಿಲ್ಲೆಯಲ್ಲಿ ಎರಡು ವರ್ಷದ ಮಗು ಹಸಿ ಕೋಳಿ ಚೂರು ತಿಂದು, ಆಮೇಲೆ ಹಕ್ಕಿಜ್ವರದಿಂದ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಅವರೇ ಗ್ಯಾಸ್ ಹಚ್ಚಿ ಕೊಟ್ಟರು. ಮನೆಯಲ್ಲಿ ಸಣ್ಣ ಮೊಮ್ಮಗ ಇದ್ದಾನೆ, ಬೆಕ್ಕಿನ ತಟ್ಟೆಗೇ ಕೈ ಹಾಕುವವನು.

ಈಗ ಬೆಕ್ಕಿನ ಪಾಲು ಕುಕ್ಕರಿಗೆ ಹೋಗುತ್ತದೆ. ಉಪ್ಪು, ಖಾರ ಏನೂ ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಅಂತೂ ಬೆಕ್ಕಿಗೆ ವಿಷವಿದ್ದಂತೆ. ಒಳಗೆ ಕೆಂಪು ಉಳಿಯದ ಹಾಗೆ ಬೇಯಬೇಕು. 70 ಡಿಗ್ರಿ ಬಿಸಿ ಒಳತನಕ ಮುಟ್ಟಿದರೆ ವೈರಸ್ ಉಳಿಯೋದಿಲ್ಲ. ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಗಂಟಲಿಗೆ ಚುಚ್ಚುತ್ತದೆ, ಅದಕ್ಕೇ ಬಿಡಿಸಿ ತೆಗೆಯುತ್ತೇನೆ. ಮೊದಲ ಸಲ ತಟ್ಟೆ ಇಟ್ಟಾಗ ಮೂಸಿ ನೋಡಿ ಬಾಲ ಎತ್ತಿ ಹೋಗೇ ಬಿಟ್ಟಿತು. ಕುಕ್ಕರಿನ ನೀರಲ್ಲಿ ಜೋಳದ ರೊಟ್ಟಿ ಮುರಿದು ನೆನೆಸಿ, ಮೇಲೆ ಮಾಂಸ ಉದುರಿಸಿದೆ. ಆ ವಾಸನೆಗೆ ವಾಪಸ್ ಬಂತು. ಹಟ ಮಾಡೋ ಬೆಕ್ಕಿಗೆ ಇದೇ ಮದ್ದು.

ಹಾಲಿನ ವಿಷಯದಲ್ಲಿ ಜಾಸ್ತಿ ಹೇಳೋದಿಲ್ಲ. ಎಮ್ಮೆ ಹಿಂಡುವಾಗ ಬೆಕ್ಕು ಬಂದು ಕೂರುತ್ತದೆ, ಗಿಂಡಿಯಿಂದ ಒಂಚೂರು ಸುರಿಯೋದು ನಮ್ಮ ರೂಢಿ. ಅಮೆರಿಕದ ಟೆಕ್ಸಾಸ್ ಡೈರಿಗಳಲ್ಲಿ 2024ರಲ್ಲಿ ಸೋಂಕಿದ್ದ ಹಸುಗಳ ಹಸಿ ಹಾಲು ಕುಡಿದು ಎಷ್ಟೋ ಬೆಕ್ಕು ಸತ್ತವು. ನಮ್ಮ ಎಮ್ಮೆಗೆ ಏನೂ ಆಗಿರಲಿಲ್ಲ, ಆದರೂ ಕಾಸಿದ ಹಾಲೇ ಹಾಕಲು ಶುರು ಮಾಡಿದೆ.

ಕಷ್ಟವಾದದ್ದು ಬೆಕ್ಕನ್ನು ಒಳಗಿಡೋದು. ಚಳಿಗಾಲದಲ್ಲಿ ಹಿನ್ನೀರಿಗೆ ರಾಜಹಂಸ, ಬಾತುಗಳು ಬರುತ್ತವೆ. ಕಾಡುಬಾತುಗಳು ಈ ವೈರಸ್ಸನ್ನು ಹೊತ್ತು ತಿರುಗಬಲ್ಲವು, ನೋಡೋಕೆ ಆರೋಗ್ಯವಾಗೇ ಇರಬಹುದು. ಹಗಲೆಲ್ಲ ಕಟ್ಟಿಹಾಕೋಕೆ ಆಗಲ್ಲ ಅಲ್ವಾ? ಕಿಟಕಿಗೆ ಜಾಲರಿ ಹೊಡೆಸಿ ರಾತ್ರಿ ಮಾತ್ರ ಒಳಗಿಟ್ಟೆ. ಕೋಳಿಗೂಡಿನ ಬಾಗಿಲಿಗೆ ಅಗಳಿ ಹಾಕಿಸಿದೆ. ಗೂಡಿಗೆ ಹೋಗಲು ಬೇರೆ ಚಪ್ಪಲಿ ಇಟ್ಟೆ, ಅದು ಒಳಗೆ ಬರೋದಿಲ್ಲ.

ಆ ನಡುವೆ ಒಮ್ಮೆ ಬೆಕ್ಕು ಅನ್ನ ಬಿಟ್ಟು ಮೂಲೆ ಹಿಡಿಯಿತು, ಸೀನುತ್ತಿತ್ತು. ಮಾಸ್ಕ್, ಕೈಗವಸು ಹಾಕಿಕೊಂಡು ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರ್ ಕೇಳಿದ್ದು: ಮನೆ ಕೋಳಿ ಸತ್ತಿವೆಯಾ, ಸತ್ತ ಹಕ್ಕಿ ತಿಂದಿದೆಯಾ, ತೂರಾಡುತ್ತಾ, ಫಿಟ್ಸ್ ಬಂತಾ? ಯಾವುದೂ ಇರಲಿಲ್ಲ. ಬರೀ ನೆಗಡಿ. ಬೆಕ್ಕಿನಿಂದ ಮನುಷ್ಯರಿಗೆ ಬರೋದು ಅಪರೂಪ, ಆದರೂ 2016ರಲ್ಲಿ ನ್ಯೂಯಾರ್ಕ್‌ನಲ್ಲಿ ಬೆಕ್ಕುಗಳನ್ನು ನೋಡಿದ ಪಶುವೈದ್ಯರೊಬ್ಬರಿಗೆ ಬೇರೊಂದು ಬಗೆಯ ಹಕ್ಕಿಜ್ವರ ತಗುಲಿತ್ತು. ಹಾಗಾಗಿ ಮಾಸ್ಕ್ ಹಾಕಿದ್ದಕ್ಕೆ ಯಾರು ನಕ್ಕರೂ ನನಗೇನಿಲ್ಲ.

ಸತ್ತ ಕಾಗೆ, ಪಾರಿವಾಳ ಕಂಡರೆ ನಾವು ಬರಿಗೈಯಲ್ಲಿ ಮುಟ್ಟೋದಿಲ್ಲ. ಬೆಕ್ಕು, ನಾಯಿ, ಹುಡುಗರನ್ನು ದೂರ ಇಟ್ಟು 1962ಕ್ಕೆ ಫೋನ್ ಮಾಡುತ್ತೇವೆ, ಅದು ಪಶು ಇಲಾಖೆಯ ಸಹಾಯವಾಣಿ. ಅಂಗಡಿಯವನು ಈಗಲೂ ಆ ಕ್ಯಾರಿಬ್ಯಾಗ್ ಕೊಡುತ್ತಾನೆ. ಅದು ನೇರ ಕುಕ್ಕರಿಗೆ.