ಹೈಸ್ಕೂಲಿಗೆ ಪ್ರಶಸ್ತಿ ಬೇಕಾ? ಟಾಪರ್‌ಗಳನ್ನಷ್ಟೇ ಅಲ್ಲ, ಎಲ್ಲರನ್ನೂ ಎಣಿಸಿ

ಅಮೆರಿಕದ ಎಷ್ಟೋ ಹೈಸ್ಕೂಲುಗಳ ಮುಂದೆ ಬ್ಯಾನರ್ ಕಾಣುತ್ತದೆ, ಓದಿನಲ್ಲಿ ಇಂಥ ಗೌರವ, ಸಂಗೀತದಲ್ಲಿ ಇಂಥ ಗೌರವ ಅಂತ. ನಾಲ್ಕು ಜಾಣ ಮಕ್ಕಳು ಮೊದಲು ಬಂದಿದ್ದಕ್ಕೆ ಸಿಕ್ಕಿರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಸಾಮಾನ್ಯವಾಗಿ ಹಾಗಲ್ಲ. ಒಟ್ಟು ಮಕ್ಕಳಲ್ಲಿ ಎಷ್ಟು ಜನರಿಗೆ ಅವಕಾಶ ಸಿಕ್ಕಿತು ಅನ್ನುವುದೇ ಮುಖ್ಯ.

ಮೊದಲು, ಆ ಪ್ರಶಸ್ತಿ ಇನ್ನೂ ಇದೆಯಾ ನೋಡಿ. ತಮಾಷೆಯಲ್ಲ. 1982ರಲ್ಲಿ ಶುರುವಾದ ನ್ಯಾಷನಲ್ ಬ್ಲೂ ರಿಬ್ಬನ್ ಪ್ರಶಸ್ತಿ ಅಂದರೆ ಶಾಲೆಗಳಿಗೆ ಭಾರೀ ಮರ್ಯಾದೆ ಇತ್ತು. 2025ರಲ್ಲಿ ಫೆಡರಲ್ ಶಿಕ್ಷಣ ಇಲಾಖೆ ಅದನ್ನು ನಿಲ್ಲಿಸಿಬಿಟ್ಟಿತು. ಹಳೇ ಪಟ್ಟಿ ಹಿಡಿದು ತಯಾರಿಗೆ ಕೂತರೆ ಸುಮ್ನೆ ದಂಡ.

ಆಮೇಲೆ ಓದಿನ ಲೆಕ್ಕ. ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ಕೊಡುವ ಎಪಿ ಸ್ಕೂಲ್ ಆನರ್ ರೋಲ್ ತೆಗೆದುಕೊಳ್ಳಿ. ಎಪಿ ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಪರೀಕ್ಷೆ, ಅಂಕ 1ರಿಂದ 5ರವರೆಗೆ. ಆನರ್ ರೋಲ್‌ಗೆ ಅರ್ಜಿಯೇ ಬೇಡ, ಬೋರ್ಡು ತನ್ನ ಹತ್ತಿರ ಇರುವ ಅಂಕಿಗಳಿಂದಲೇ ಲೆಕ್ಕ ಹಾಕುತ್ತದೆ. ನೋಡುವುದು ಮೂರು: ಕೊನೆಯ ವರ್ಷದ, ಅಂದರೆ 12ನೇ ತರಗತಿಯ ಮಕ್ಕಳಲ್ಲಿ ಎಷ್ಟು ಜನ ಒಂದಾದರೂ ಎಪಿ ಬರೆದಿದ್ದಾರೆ, ಎಷ್ಟು ಜನ ಒಂದರಲ್ಲಾದರೂ 3 ಅಥವಾ ಜಾಸ್ತಿ ತೆಗೆದಿದ್ದಾರೆ, ಮತ್ತು ಎಷ್ಟು ಜನ ಐದು ಅಥವಾ ಹೆಚ್ಚು ಎಪಿ ಬರೆದು ಅದರಲ್ಲಿ ಒಂದನ್ನಾದರೂ 9 ಇಲ್ಲವೇ 10ನೇ ತರಗತಿಯಲ್ಲೇ ಮುಗಿಸಿದ್ದಾರೆ.

ಇಲ್ಲೇ ಶಾಲೆಗಳು ಎಡವುವುದು. ಕೊನೆಯ ವರ್ಷದಲ್ಲಿ 200 ಮಕ್ಕಳಿದ್ದಾರೆ ಅನ್ನಿ. ಬರೀ 40 ಜನರನ್ನು ಆರಿಸಿ ಪರೀಕ್ಷೆಗೆ ಕೂರಿಸಿದಿರಿ, 38 ಜನಕ್ಕೆ 3 ಅಥವಾ ಜಾಸ್ತಿ ಬಂತು. ಶಾಲೆಯವರು 95 ಶೇಕಡಾ ಅಂತ ಕುಣಿಯುತ್ತಾರೆ. ಆದರೆ ಭಾಗಿಸಬೇಕಾದ್ದು 200ರಿಂದ, ಹಾಗಾಗಿ ಸಿಗುವುದು 19 ಶೇಕಡಾ. ಅದೇ 110 ಜನ ಬರೆದು 70 ಜನ ಮಾತ್ರ ಆ ಅಂಕ ತಲುಪಿದರೂ 35 ಶೇಕಡಾ! ಅಂದರೆ ಎಪಿ ತರಗತಿಯ ಬಾಗಿಲು ಅಗಲ ಮಾಡಿದ ಶಾಲೆಯೇ ಮುಂದೆ ಹೋಗುತ್ತದೆ, ನನಗಂತೂ ಇದು ನ್ಯಾಯ ಅನಿಸುತ್ತದೆ. ಪರೀಕ್ಷೆ ಮೇ ತಿಂಗಳಲ್ಲಾದರೂ ಹೆಸರು ಕೊಡುವುದು ಹಿಂದಿನ ನವೆಂಬರ್ ಒಳಗೆ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿಯೂ ಇದೆ, ಇವೆರಡನ್ನೂ ಮನೆಮನೆಗೆ ತಲುಪಿಸಿ.

ಸಂಗೀತದ್ದು ಬೇರೆ ದಾರಿ. ಸಂಗೀತ ವಾದ್ಯ ವ್ಯಾಪಾರಿಗಳ ಸಂಘಕ್ಕೆ ಸೇರಿದ ನಾಮ್ (NAMM) ಫೌಂಡೇಶನ್ನಿನ ಮನ್ನಣೆಗೆ ಪ್ರಶ್ನಾವಳಿ ತುಂಬಬೇಕು. ಇಡೀ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಕ್ಕೆ ಒಂದು ಗೌರವ, ಬಿಡಿ ಶಾಲೆಗೆ ಇನ್ನೊಂದು. ಕಚೇರಿಯ ಮೊಹರು ಒತ್ತಿ ಕಳಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ, ಕೊಟ್ಟ ಉತ್ತರಗಳನ್ನು ಶಾಲೆಯ ಅಧಿಕಾರಿಗಳ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ಕೇಳುವುದು ಹಣ ಎಷ್ಟು ಇಟ್ಟಿದ್ದೀರಿ, ಟೀಚರ್ ಅರ್ಹತೆ ಏನು, ಎಷ್ಟು ಮಕ್ಕಳಿಗೆ ಪಾಠ ಸಿಗುತ್ತಿದೆ ಅಂತ. ಕಾರ್ಯಕ್ರಮದ ಚೆಂದದ ಫೋಟೊಗಳಿಂದ ಇದಕ್ಕೆಲ್ಲ ಉತ್ತರ ಸಿಗುವುದಿಲ್ಲ. ಮ್ಯೂಸಿಕ್ ಟೀಚರ್ ಒಬ್ಬರೇ ಕೂತು ತುಂಬುವ ಕೆಲಸವೂ ಅಲ್ಲ ಇದು, ಲೆಕ್ಕಪತ್ರ ನೋಡುವವರನ್ನೂ ಟೈಮ್‌ಟೇಬಲ್ ಮಾಡುವವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಚಿತ್ರಕಲೆ, ಬರವಣಿಗೆಗೆ 1923ರಿಂದ ನಡೆಯುತ್ತಿರುವ ಸ್ಕೊಲಾಸ್ಟಿಕ್ ಆರ್ಟ್ ಅಂಡ್ ರೈಟಿಂಗ್ ಅವಾರ್ಡ್ಸ್ ಇದೆ. 7ರಿಂದ 12ನೇ ತರಗತಿಯವರು ಕಳಿಸಬಹುದು. ಮೊದಲು ಪ್ರಾದೇಶಿಕ ಸುತ್ತು, ಅಲ್ಲಿನ ಅತಿ ದೊಡ್ಡ ಬಹುಮಾನವಾದ ಗೋಲ್ಡ್ ಕೀ ಬಂದ ಕೆಲಸ ಮಾತ್ರ ರಾಷ್ಟ್ರೀಯ ಸುತ್ತಿಗೆ. ತೀರ್ಪುಗಾರರಿಗೆ ಹೆಸರು ಕಾಣಿಸದು. ಚಿತ್ರವನ್ನು ನೇರ ಹಿಡಿದು, ಗಾಜಿನ ಹೊಳಪು ಬೀಳದಂತೆ ಫೋಟೊ ತೆಗೆಯಿರಿ, ಅವರು ನೋಡುವುದು ಆ ಫೋಟೊವನ್ನೇ. ಬಹುಮಾನ ಬರುವುದು ವಿದ್ಯಾರ್ಥಿಗೆ, ಆದರೂ ಗೆದ್ದವರ ಪಟ್ಟಿಯನ್ನು ವರ್ಷವರ್ಷ ಒಂದೇ ಕಡತದಲ್ಲಿ ಬರೆದಿಡಿ. ಮುಂದೆ ಶಾಲೆಯ ಹೆಸರಲ್ಲಿ ಅರ್ಜಿ ಹಾಕುವಾಗ, ಹಳೇ ಟೀಚರ್ ಕೆಲಸ ಬಿಟ್ಟು ಹೋಗಿದ್ದರೂ, ಹುಡುಕಾಡುವುದು ತಪ್ಪುತ್ತದೆ.