ಮಾಲೆ ಬಿಚ್ಚಿದ ಸಂಜೆ ಮತ್ತೆ ಬಾಟ್ಲಿ ಹಿಡೀದೆ ಇರೋದು ಹೇಗೆ?

ಕೋಲಾರದ ಟೊಮೆಟೊ ಮಂಡೀಲಿ ಪ್ರತಿ ವರ್ಷ ನೋಡ್ತೀನಿ. ಚಳಿ ಶುರುವಾಗ್ತಿದ್ದಂಗೆ ಐದಾರು ಜನ ಅಯ್ಯಪ್ಪನ ಮಾಲೆ ಹಾಕ್ತಾರೆ, 41 ದಿನ ಒಂದು ತೊಟ್ಟು ಮುಟ್ಟಲ್ಲ, ಮುಖದಲ್ಲಿ ಕಳೆ ಬರುತ್ತೆ, ಮನೇಲಿ ನೆಮ್ಮದಿ. ಶಬರಿಮಲೆಗೆ ಹೋಗಿ ಬಂದು ಮಾಲೆ ಬಿಚ್ಚಿದ್ದೇ ತಡ, ಅವತ್ತೇ ಸಂಜೆ ವೈನ್ ಶಾಪ್ ಕೌಂಟರಲ್ಲಿ ಹಾಜರ್. ನಾನೂ ಮೂರು ಸಲ ಹಂಗೇ ಮಾಡ್ದೋನು, ಅದಕ್ಕೇ ಬರೀತಿದೀನಿ. ದೇವರ ಭಯ ಇತ್ತು, ಬಿಟ್ಟಿದ್ವಿ, ಭಯ ಹೋಯ್ತು, ಹಿಡ್ಕೊಂಡ್ವಿ ಅಂತ ಎಲ್ರೂ ಅಂದ್ಕೊಳ್ತಾರೆ. ನನ್ನ ಲೆಕ್ಕದಲ್ಲಿ ಆ 41 ದಿನ ಕಾಪಾಡೋದು ಸಂಜೆಯ ಟೈಮ್‌ಟೇಬಲ್ಲು: ತಣ್ಣೀರು ಸ್ನಾನ, ಪೂಜೆ, ಭಜನೆ, ಹೊತ್ತಿಗೆ ಸರಿಯಾಗಿ ಊಟ, ಸುತ್ತ ನಾಲ್ಕು ಜನ ಸ್ವಾಮಿಗಳು. ಮಾಲೆ ಜೊತೆ ಇದನ್ನೂ ಬಿಚ್ಚಿಡ್ತೀವಲ್ಲ, ಅಲ್ಲೇ ಎಡವೋದು.

ಮೊದಲ್ನೇದು, ಡಾಕ್ಟರ್. ಬೆಳಿಗ್ಗೆ ಎದ್ದ ತಕ್ಷಣ ನೈಂಟಿ ಬಿದ್ದಿಲ್ಲ ಅಂದ್ರೆ ಕೈ ನಡುಗುತ್ತೆ ಅನ್ನೋರು ಇದನ್ನ ಓದಿ ಇವತ್ತೇ ದಿಢೀರ್ ಅಂತ ನಿಲ್ಲಿಸ್ಬೇಡಿ. ವರ್ಷಗಟ್ಟಲೆ ದಿನಾ ಕುಡಿದೋರು ಒಮ್ಮೆಲೇ ಬಿಟ್ರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರ್ಬಹುದು, ಎರಡ್ಮೂರು ದಿನ ಆದ್ಮೇಲೆ ಇಲ್ದಿರೋ ಹುಳ ಹುಪ್ಪಟೆ ಕಾಣೋದು, ಬಾಯಿಗೆ ಬಂದಂಗೆ ಮಾತಾಡೋದು ಶುರುವಾಗ್ಬಹುದು, ಮನೆಯೋರು ದೆವ್ವ ಮೆಟ್ಕೊಂಡಿದೆ ಅಂತ ತಾಯತ ಕಟ್ಸೋಕೆ ಓಡ್ತಾರೆ, ಇಲ್ಲಿ ನೋಡಿದ್ರೆ ಪ್ರಾಣಕ್ಕೇ ಕುತ್ತು. ಆಸ್ಪತ್ರೇಲಿ ಮಾತ್ರೆ ಕೊಟ್ಟು, ಬಿ1 ವಿಟಮಿನ್ ಕೊಟ್ಟು, ಹುಷಾರಾಗಿ ಇಳಿಸ್ತಾರೆ. ತಾಲ್ಲೂಕು ಆಸ್ಪತ್ರೇಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ (ಮನಸ್ಸಿನ ಡಾಕ್ಟರ್ ಬರೋದು) ಇರುತ್ತೆ, ಯಾವ ಮಂಗಳವಾರ ಅಂತ ಮೊದಲೇ ಕೇಳ್ಕೊಳ್ಳಿ. ಆಸ್ಪತ್ರೆಗೆ ಹೋಗೋಕೆ ನಾಚಿಕೆ ಅಂದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಹೆಂಗಸ್ರಿಗೆ ಒಂದು ಮಾತು. ‘ಕುಡಿಯುವವರಿಗೆ ತಿಳಿಯದಂತೆ ಬಿಡಿಸುತ್ತೇವೆ’ ಅಂತ ಗೋಡೆ ಮೇಲೆ ಬರೆದಿರ್ತಾರಲ್ಲ, ಆ ಪುಡೀನ ಸಾರಲ್ಲಿ ಕಲಸ್ಬೇಡಿ ತಾಯಿ. ಅದ್ರೊಳಗೆ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಕುಡಿತ ಬಿಡಿಸೋಕೆ ಡಾಕ್ಟರ್ ಕೊಡೋ ಡೈಸಲ್ಫಿರಾಮ್ ಮಾತ್ರೇನೂ ಅಷ್ಟೇ, ಗೊತ್ತಿಲ್ದೆ ಅದರ ಮೇಲೆ ಕುಡಿದ್ರೆ ವಾಂತಿ, ಎದೆ ಡವಡವ, ಜೀವಾನೇ ಹೋಗ್ಬಹುದು.

ಎರಡ್ನೇದು, ಮನೇಲಿರೋ ಬಾಟ್ಲಿ ಖಾಲಿ ಮಾಡಿ (ಮೋರಿಗೆ, ಬಾಯಿಗಲ್ಲ), ಗಾಡಿ ಸೀಟ್ ಕೆಳಗಿರೋ ಟೆಟ್ರಾ ಪ್ಯಾಕೂ ಸೇರಿ.

ಮೂರ್ನೇದೇ ಅಸಲಿ ಕೆಲ್ಸ, ಸಂಜೆ ಆರರಿಂದ ಒಂಬತ್ತು. ಐದೂವರೆಗೇ ಹೊಟ್ಟೆ ತುಂಬಿಸ್ಬೇಕು, ಯಾಕಂದ್ರೆ ಖಾಲಿ ಹೊಟ್ಟೆ ಸಂಕಟ ಯಾವ್ದು, ಎಣ್ಣೆ ಆಸೆ ಯಾವ್ದು ಅಂತ ಆ ಹೊತ್ತಲ್ಲಿ ಗೊತ್ತೇ ಆಗಲ್ಲ. ನಾನು ಮೊದಲ ತಿಂಗಳು ದಿನಾ ಒಂದು ಪ್ಲೇಟ್ ಬಂಗಾರಪೇಟೆ ಪಾನಿಪುರಿ ತಿಂದೆ, ಆ ಬಿಳಿ ಪಾನಿ ಖಾರಕ್ಕೆ ಕಣ್ಣಲ್ಲಿ ಮೂಗಲ್ಲಿ ನೀರು ಬಂದು ಬೇರೆ ಯೋಚನೆಗೆ ಜಾಗಾನೇ ಇರ್ತಿರ್ಲಿಲ್ಲ. ಜೀರೋ ಆಲ್ಕೋಹಾಲ್ ಬಿಯರ್ ಅಂತೂ ಬೇಡ್ವೇ ಬೇಡ, ಅದೇ ಬಾಟ್ಲಿ, ಅದೇ ನೊರೆ, ಕೈಗೆ ಹಳೇ ಚಾಳಿ ನೆನಪಿಸೋಕೆ ದುಡ್ಡು ಕೊಡೋದ್ಯಾಕೆ.

ಆಮೇಲೆ ದಾರಿ. ವೈನ್ ಶಾಪ್ ಮುಂದೆ ಹೋಗಿ ಗಟ್ಟಿ ಮನಸ್ಸು ತೋರಿಸ್ತೀನಿ ಅನ್ನೋ ಹೀರೋಗಳನ್ನ ತುಂಬಾ ನೋಡಿದೀನಿ, ಎರಡು ಕಿಲೋಮೀಟರ್ ಸುತ್ತಾದ್ರೂ ಬೇರೆ ರಸ್ತೇಲಿ ಹೋಗಿ. ಮನೆಗೆ ಬಂದ ತಕ್ಷಣ ಸ್ನಾನ, ಮಾಲೆ ಹಾಕಿದ್ದಾಗ ಮಾಡ್ತಿದ್ವಲ್ಲ ಹಂಗೇ, ತಲೆ ಮೇಲೆ ನೀರು ಬಿದ್ರೆ ಮತ್ತೆ ಪ್ಯಾಂಟ್ ಹಾಕ್ಕೊಂಡು ಹೊರಡೋಕೆ ಸೋಮಾರಿತನ. ಆಸೆ ಎದ್ರೆ ಗಡಿಯಾರ ನೋಡಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತೆ, ಆ ಅರ್ಧ ಗಂಟೆ ಕೈಗೆ ಕೆಲ್ಸ ಬೇಕು. ಒಂದಿನ ಟೊಮೆಟೊ ಬಾಕ್ಸ್ ರೇಟ್ ನೆಲ ಕಚ್ಚಿತ್ತು, ನನ್ನ ಕಾಲು ತಾನಾಗೇ ಬಾರ್ ಕಡೆ ತಿರುಗ್ತು. ನಮ್ಮ ಗುರುಸ್ವಾಮಿಗೆ ಫೋನ್ ಮಾಡ್ದೆ, ಸಮಾಧಾನ ಹೇಳ್ತಾರೆ ಅಂತ. ‘ಸ್ವಾಮಿ, ದೇವಸ್ಥಾನದ ಹಂಡೆ ಬೆಳಗೋದೈತೆ, ಬೇಗ ಬಾ’ ಅಂದ್ರು ಅಷ್ಟೇ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ ಎದ್ದಾಗ ಎಂಟೂವರೆ. ಆಯ್ತಲ್ಲ, ಆವತ್ತಿನ ಗಂಡಾಂತರ ಕಳೀತು. ಅಂಥ ಒಂದು ನಂಬರ್ ಇಟ್ಕೊಳ್ಳಿ, ಬುದ್ಧಿ ಹೇಳೋರ್ದು ಬೇಡ, ಕೆಲ್ಸ ಹೇಳೋರ್ದು.

ನಿದ್ದೆ ಮೊದಮೊದಲು ಬರಲ್ಲ, ಸಿಡಿಮಿಡಿ ಇರುತ್ತೆ, ಹೆಂಡ್ತಿ ಮಕ್ಕಳಿಗೆ ಮೊದಲೇ ಹೇಳಿಡಿ. ಕುಡಿದ್ರೇನೇ ನಿದ್ದೆ ಅನ್ನೋದು ಬರೀ ಭ್ರಮೆ, ಎಣ್ಣೆ ಬೇಗ ಮಲಗ್ಸುತ್ತೆ, ಆದ್ರೆ ನಡುರಾತ್ರಿ ಎಬ್ಬಿಸುತ್ತೆ. ಬಿಟ್ಟು ಒಂದು ತಿಂಗಳಾದ್ರೂ ಯಾವುದ್ರಲ್ಲೂ ಮನಸ್ಸಿಲ್ಲ, ಎದೆ ಭಾರ, ಸುಮ್ನೆ ಅಳು ಬರುತ್ತೆ ಅಂದ್ರೆ ಅದು ಡಿಪ್ರೆಶನ್ ಇರ್ಬಹುದು, ಪಾನಿಪುರಿ ಹಂಡೆ ಸಾಕಾಗಲ್ಲ, ಮತ್ತೆ ಡಾಕ್ಟರ್ ಹತ್ರ ಹೋಗಿ. ಬದುಕೋದೇ ಬೇಡ ಅನ್ನಿಸಿದ್ರೆ ಒಂದು ತಿಂಗಳು ಕಾಯೋ ಮಾತೇ ಇಲ್ಲ, ಆ ಕ್ಷಣಾನೇ 14416.

ಒಂದಿನ ಜಾರಿದ್ರೆ ಮರುದಿನ ಐದೂವರೆಗೆ ಮತ್ತೆ ಪಾನಿಪುರಿ, ಅಷ್ಟೇ. ಮುಂದಿನ ಮಾಲೆವರೆಗೂ ಕಾಯ್ಬೇಡಿ.

ಉಳಿದಿದ್ದು ಹೊಸ್ತೊಡಕು. ಯುಗಾದಿ ಮರುದಿನ ಭಾವಮೈದುನಂದಿರೆಲ್ಲ ಬಾಟ್ಲಿ ಸಮೇತ ಬರ್ತಾರೆ, ಎದ್ದು ಹೋಗೋಕೂ ಆಗಲ್ಲ. ಅವತ್ತು ಮಟನ್ ಸಾರಿನ ಜವಾಬ್ದಾರಿ ನಂದೇ ಅಂತ ಹಿತ್ಲಲ್ಲಿ ಒಲೆ ಹಚ್ಕೊಂಡು ಕೂತ್ಬಿಡ್ತೀನಿ. ಯಾರಾದ್ರೂ ಗ್ಲಾಸ್ ಚಾಚಿದ್ರೆ ಎರಡೂ ಕೈ ಎತ್ತಿ ತೋರಿಸ್ತೀನಿ, ಮೊಣಕೈವರೆಗೂ ಮಸಾಲೆ.